ಮನೆಯ ಹಿತ್ತಲಿಗೆ ತಕ್ಕ ದಾಳಿಂಬೆ

ನಮ್ಮ ಪಾಠಶಾಲೆಯಲ್ಲಿ ಓದಿದ ಬಾಲಕಿಯರಲ್ಲಿ ಅನೇಕರು ಇಂದು ಸ್ವಂತ ಮನೆಗಳ ಯಜಮಾನಿಯರಾಗಿರುವರು. ಅವರು ಶಾಲೆಗೆ ಬಂದಾಗ ಒಂದು ಪ್ರಶ್ನೆಯನ್ನು ಆಗಾಗ ಕೇಳುವುದುಂಟು: “ಟೀಚರಮ್ಮಾ, ಹಿತ್ತಲಲ್ಲಿ ಒಂದೇ ಒಂದು ದಾಳಿಂಬೆ ಗಿಡಕ್ಕೆ ಸ್ಥಳವಿದೆ, ಯಾವ ಜಾತಿಯನ್ನು ನೆಡಲಿ?” ಇದು ಸಣ್ಣ ಪ್ರಶ್ನೆಯಲ್ಲ. ತೋಟಗಾರನು ನೂರು ಗಿಡಗಳಲ್ಲಿ ಹತ್ತನ್ನು ಕಿತ್ತು ಬೇರೆ ಹತ್ತನ್ನು ನೆಡಬಲ್ಲನು. ಒಂದೇ ಗಿಡವನ್ನು ನೆಟ್ಟ ಗೃಹಿಣಿಗಾದರೋ ತನ್ನ ಆಯ್ಕೆಯು ತಪ್ಪಾಯಿತೆಂದು ತಿಳಿಯಲು ಮೂರು ನಾಲ್ಕು ವರ್ಷಗಳು ಬೇಕು.

ಈ ವಿಷಯದಲ್ಲಿ ನನ್ನ ಮೊದಲನೆಯ ಪಾಠವು ನನ್ನ ತಪ್ಪಿನಿಂದಲೇ ಬಂದಿತು. ನನ್ನ ತಾಯಿಯವರ ಹಲ್ಲುಗಳು ಸಡಿಲವಾಗಿದ್ದ ಕಾಲದಲ್ಲಿ, ಪೇಟೆಯಿಂದ ತಂದ ಒಂದು ದಾಳಿಂಬೆಯು ಅವರಿಗೆ ಬಹಳ ರುಚಿಸಿತು. ನಾನು ಅದರ ಬೀಜಗಳನ್ನು ತೊಳೆದು ಕುಂಡದಲ್ಲಿ ಬಿತ್ತಿ, ಮೊಳೆತ ಸಸಿಗಳಲ್ಲಿ ಪುಷ್ಟವಾದುದೊಂದನ್ನು ಹಿತ್ತಲಲ್ಲಿ ನೆಟ್ಟೆನು. ನಾಲ್ಕನೆಯ ವರ್ಷ ಹಣ್ಣಾಯಿತು. ಹೊರಗೆ ಚೆಲುವಾದ ಕೆಂಪು. ಒಳಗೆ ಕಾಳು ಹುಳಿ, ಬೀಜ ಕಲ್ಲಿನಂತೆ ಗಟ್ಟಿ. ತಾಯಿಯವರು “ಚೆನ್ನಾಗಿದೆಯಮ್ಮಾ” ಎಂದು ಹೇಳುತ್ತ ರಸವನ್ನು ಹೀರಿ, ಬೀಜಗಳನ್ನು ಸೆರಗಿನ ಮರೆಯಲ್ಲಿ ಅಂಗೈಗೆ ಉಗುಳಿಕೊಂಡುದನ್ನು ನಾನು ಕಂಡೆನು. ಪರಾಗಸ್ಪರ್ಶದ ಪಾಠವನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದ ನಾನು ಹಿತ್ತಲಿಗೆ ಬಂದಾಗ ಅದನ್ನು ಮರೆತಿದ್ದೆನು.

ಬೀಜದಿಂದ ಹುಟ್ಟಿದ ಸಸಿಯು ತಾಯಿಮರದ ಗುಣಗಳನ್ನೇ ಪಡೆದಿರುವುದೆಂಬ ಭರವಸೆಯಿಲ್ಲ. ಆದುದರಿಂದ ಒಳ್ಳೆಯ ಮರದ ಕೊಂಬೆಗೆ ಗೂಟಿ ಕಟ್ಟಿ, ಇಲ್ಲವೆ ಬಲಿತ ಕಡ್ಡಿಯನ್ನು ನೆಟ್ಟು ಪಡೆದ ಗಿಡವನ್ನೇ ಆರಿಸತಕ್ಕದ್ದು. ಮಳೆಗಾಲದಲ್ಲಿ ಪೆನ್ಸಿಲಿನಷ್ಟು ದಪ್ಪದ ಆರೋಗ್ಯವಾದ ಕೊಂಬೆಯಿಂದ ಒಂದಂಗುಲದಷ್ಟು ತೊಗಟೆಯನ್ನು ಉಂಗುರದಂತೆ ತೆಗೆದು, ಆ ಭಾಗಕ್ಕೆ ತೇವವಾದ ಪಾಚಿಯನ್ನಾಗಲಿ ತೆಂಗಿನ ನಾರಿನ ಪುಡಿಯನ್ನಾಗಲಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಬಿಗಿದರೆ, ಒಂದೆರಡು ತಿಂಗಳಲ್ಲಿ ಬೇರು ಕಾಣಿಸಿಕೊಳ್ಳುವುದು. ಇದೇ ಗೂಟಿ.

ಇನ್ನು ಜಾತಿಯ ವಿಚಾರ. ದಾಳಿಂಬೆಯಲ್ಲಿ ನಾವು ತಿನ್ನುವುದು ಬೀಜದ ರಸಭರಿತವಾದ ಹೊರಪದರವನ್ನು. ಅದರೊಳಗಿನ ಗಟ್ಟಿಯಾದ ಭಾಗವೇ ಹಲ್ಲಿಗೆ ಸಿಕ್ಕುವುದು. ಸಿಪ್ಪೆಯ ಬಣ್ಣ, ಕಾಳಿನ ಬಣ್ಣ, ಸಿಹಿ ಹುಳಿಗಳ ಪ್ರಮಾಣ, ಬೀಜದ ಮೃದುತ್ವ ಇವು ನಾಲ್ಕೂ ಬೇರೆ ಬೇರೆ ಗುಣಗಳು. ಒಂದನ್ನು ನೋಡಿ ಮತ್ತೊಂದನ್ನು ಊಹಿಸಲಾಗದು. ಕಂಧಾರಿಯು ದೊಡ್ಡದು, ಕಡುಗೆಂಪು. ಆದರೂ ಬೀಜ ಗಟ್ಟಿ, ರಸದಲ್ಲಿ ಸ್ವಲ್ಪ ಹುಳಿ. ಗಣೇಶವೆಂಬುದರ ಸಿಪ್ಪೆಯು ಹಳದಿಗೆ ಕೆಂಪು ಬೆರೆತ ಸಾಧಾರಣ ಬಣ್ಣದ್ದು, ಕಾಳು ನಸುಗೆಂಪು. ಆದರೆ ಬೀಜ ಮೃದು, ರುಚಿ ಸಿಹಿ. ಪುಣೆಯ ಗಣೇಶಖಿಂಡದಲ್ಲಿ ಡಾಕ್ಟರ್ ಚೀಮಾ ಅವರು ೧೯೩೬ರಲ್ಲಿ ಆಳಂದಿ ದಾಳಿಂಬೆಯಿಂದ ಇದನ್ನು ಆರಿಸಿದರು. ಗಣೇಶವನ್ನು ರಷ್ಯದ ಕೆಂಪು ಜಾತಿಯೊಂದರೊಡನೆ ಸಂಕರಮಾಡಿ ಪಡೆದ ಮೃದುಲಾ ಎಂಬುದು ಹೆಸರಿಗೆ ತಕ್ಕಂತೆ ಮೃದು ಬೀಜದ್ದು. ಅದರ ಕಾಳು ಕಡುಗೆಂಪು. ಈಗ ಪೇಟೆಯಲ್ಲಿ ಹೆಚ್ಚಾಗಿ ಕಾಣುವ ಭಗವಾ ಎಂಬುದು ಒಳಹೊರಗೆ ಕೆಂಪಾಗಿ, ದಪ್ಪ ಸಿಪ್ಪೆಯಿಂದ ದೂರದ ಸಾಗಣೆಯನ್ನು ತಡೆಯಬಲ್ಲುದು. ಆದರೆ ಹೂವಿನಿಂದ ಹಣ್ಣಿಗೆ ಸುಮಾರು ಆರು ತಿಂಗಳು ಕಾಯಿಸುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜ್ಯೋತಿಯೂ ಮೃದು ಬೀಜದ್ದೇ.

ಆದುದರಿಂದ ಆರಿಸುವ ಮೊದಲು ಮನೆಯವರು ತಮ್ಮನ್ನೇ ಪ್ರಶ್ನಿಸಿಕೊಳ್ಳಬೇಕು: ಈ ಹಣ್ಣನ್ನು ತಿನ್ನುವವರು ಯಾರು? ಮುದುಕರೂ ಎಳೆಯ ಮಕ್ಕಳೂ ಇರುವ ಮನೆಗೆ ಗಣೇಶ, ಮೃದುಲಾ, ಜ್ಯೋತಿ ಇವುಗಳಲ್ಲೊಂದು ಸಾಕು. ಲಾರಿಯಲ್ಲಿ ಪ್ರಯಾಣಮಾಡದ ಹಣ್ಣಿಗೆ ದಪ್ಪ ಸಿಪ್ಪೆಯಿಂದಾಗುವ ಲಾಭವೇನು? ಬಣ್ಣವನ್ನೂ ಬಯಸುವವರು, ಕಾಯುವ ತಾಳ್ಮೆಯುಳ್ಳವರು ಭಗವಾವನ್ನು ನೆಡಲಿ.

ಎರಡನೆಯದಾಗಿ ಊರಿನ ಹವೆಯನ್ನು ನೋಡತಕ್ಕದ್ದು. ದಾಳಿಂಬೆಯು ಒಣಹವೆಯನ್ನೂ ನಿಚ್ಚಳವಾದ ಬಿಸಿಲನ್ನೂ ಮೆಚ್ಚುವ ಗಿಡ. ತುಮಕೂರು, ಚಿತ್ರದುರ್ಗ, ಬಾಗಲಕೋಟೆ, ಕೊಪ್ಪಳ, ವಿಜಯಪುರಗಳ ಕಡೆ ಮದುವೆಯಾಗಿ ಹೋದವರಿಗೆ ಅನುಕೂಲವುಂಟು. ಕರಾವಳಿಯಲ್ಲೂ ಮಲೆನಾಡಿನಲ್ಲೂ ನೆಲೆಸಿದವರು ಹೆಚ್ಚು ಫಲವನ್ನು ನಿರೀಕ್ಷಿಸಬಾರದು.

ಮೂರನೆಯದು ರೋಗದ ಭಯ. ಈ ಶತಮಾನದ ಮೊದಲನೆಯ ದಶಕದಲ್ಲಿ ದುಂಡಾಣು ಅಂಗಮಾರಿಯು ಉತ್ತರ ಕರ್ನಾಟಕದ ಅನೇಕ ದಾಳಿಂಬೆ ತೋಟಗಳನ್ನು ಹಾಳುಗೆಡಹಿತು. ಎಲೆಗಳ ಮೇಲೆ ಎಣ್ಣೆ ತಾಗಿದಂತಹ ಚುಕ್ಕೆಗಳು, ಕಾಯಿಗಳ ಮೇಲೆ ಕಪ್ಪು ಕಲೆಗಳು ಮತ್ತು ಬಿರುಕುಗಳು ಇದರ ಲಕ್ಷಣ. ನಾವು ನೆಡುವ ಉತ್ತಮ ಜಾತಿಗಳಲ್ಲಿ ಯಾವುದೂ ಇದರಿಂದ ಪೂರ್ತಿಯಾಗಿ ಪಾರಾದುದಲ್ಲ. ರೋಗವು ಮಳೆಹನಿಯ ಸಿಡಿತದಿಂದಲೂ, ಶುದ್ಧಿಮಾಡದ ಕತ್ತರಿಯಿಂದಲೂ, ಎಲ್ಲಕ್ಕಿಂತ ಹೆಚ್ಚಾಗಿ ರೋಗವಿರುವ ಗಿಡವನ್ನೇ ಕೊಂಡು ತರುವುದರಿಂದಲೂ ಹರಡುವುದು. ಆದುದರಿಂದ ಸಾಧ್ಯವಾದರೆ ತಾಯಿಮರವನ್ನು ಕಣ್ಣಾರೆ ಕಂಡು, ಅದರ ಹಣ್ಣನ್ನು ತಿಂದು, ಬಳಿಕ ಗಿಡವನ್ನು ತನ್ನಿರಿ.

ನೆಟ್ಟ ಮೇಲಿನ ಕೆಲಸವು ಕಷ್ಟವಾದುದಲ್ಲ. ದಿನವೆಲ್ಲ ಬಿಸಿಲು ಬೀಳುವ ಕಡೆ ಎರಡಡಿ ಗುಂಡಿ, ಕೊಟ್ಟಿಗೆ ಗೊಬ್ಬರ, ನೀರು ನಿಲ್ಲದ ನೆಲ ಇಷ್ಟಿರಲಿ. ಬುಡದಿಂದೇಳುವ ಚಿಗುರುಗಳಲ್ಲಿ ಮೂರು ನಾಲ್ಕನ್ನು ಮಾತ್ರ ಬೆಳೆಯಗೊಡಿರಿ. ಮೊದಲೆರಡು ವರ್ಷ ಹೂಗಳನ್ನು ಚಿವುಟಿಹಾಕಿರಿ. ಅನೇಕ ದಿನ ಒಣಗಿಸಿ ಒಮ್ಮೆಲೇ ಧಾರಾಳವಾಗಿ ನೀರೆರೆದರೆ ಕಾಯಿ ಬಿರಿಯುವುದು. ನೀರು ಮಿತವಾಗಿ, ತಪ್ಪದೆ ಬೀಳಬೇಕು. ಚಿಟ್ಟೆಯೊಂದು ಕಾಯಿಯ ಮೇಲೆ ಮೊಟ್ಟೆಯಿಟ್ಟು, ಅದರಿಂದ ಹೊರಟ ಹುಳು ಒಳಗೆ ಕೊರೆಯುವುದರಿಂದ, ಎಳೆಗಾಯಿಗಳಿಗೆ ಕಾಗದದ ಇಲ್ಲವೆ ತೆಳುಬಟ್ಟೆಯ ಚೀಲವನ್ನು ಕಟ್ಟಿರಿ. ಕಿತ್ತ ಮೇಲೆ ದಾಳಿಂಬೆಯು ಮಾವಿನಂತೆ ಮಾಗುವುದಿಲ್ಲ. ಮಕ್ಕಳ ಆತುರಕ್ಕೆ ಸೋಲದೆ ಗಿಡದಲ್ಲೇ ಹಣ್ಣಾಗಲು ಬಿಡಿರಿ.

ಎರಡನೆಯ ಸಲ ನಾನು ಪರಿಚಿತರೊಬ್ಬರ ಮರವನ್ನು ನೋಡಿ, ಗಣೇಶದ ಗೂಟಿ ಗಿಡವೊಂದನ್ನು ತಂದು ನೆಟ್ಟೆನು. ಅದರ ಹಣ್ಣುಗಳನ್ನು ತಾಯಿಯವರು ಎರಡು ವರ್ಷ ತಿಂದರು. ಅವು ಅಷ್ಟೇನೂ ಕೆಂಪಾಗಿರಲಿಲ್ಲ. ಆದರೆ ಅವರಿಗೆ ಸೆರಗಿನ ಮರೆಯು ಬೇಕಾಗಲಿಲ್ಲ. ತಾಯಿಯವರು ಈಗಿಲ್ಲ, ಗಿಡವು ಫಲಿಸುತ್ತಲೇ ಇದೆ. ಪ್ರತಿ ಮಳೆಗಾಲದಲ್ಲೂ ಅದಕ್ಕೆ ಕೆಲವು ಗೂಟಿಗಳನ್ನು ಕಟ್ಟುತ್ತೇನೆ. ಹಿತ್ತಲಲ್ಲಿ ಬಿಸಿಲು ಬೀಳುವ ಸ್ಥಳವುಳ್ಳ ಹಳೆಯ ವಿದ್ಯಾರ್ಥಿನಿಯರು ಮುಂಗಡವಾಗಿ ತಿಳಿಸಿದರೆ, ಅವರಿಗೆ ಒಂದೊಂದು ಗಿಡವನ್ನು ಸಂತೋಷದಿಂದ ಕೊಡುವೆನು.