ಊರ ಸುದ್ದಿ ಊರಾಚೆಗೆ: ನಿಮ್ಮದೇ ಇ-ಮೇಲ್ ಪತ್ರಿಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲೇ ಇರುವವರಿಗೆ ಊರ ಸುದ್ದಿ ತಿಳಿಯಲು ವಾಟ್ಸ್‌ಆ್ಯಪ್ ಗುಂಪು ಸಾಕು. ಇ-ಮೇಲ್ ಪತ್ರಿಕೆ ಬೇಕಾಗುವುದು ಊರು ಬಿಟ್ಟವರಿಗೆ: ಪುಣೆ, ಬೆಂಗಳೂರಿನಲ್ಲಿ ನೌಕರಿಗೆ ನಿಂತವರು, ಹೊರದೇಶಕ್ಕೆ ಹೋದ ಹಳೆಯ ವಿದ್ಯಾರ್ಥಿಗಳು, ಮಗನ ಮನೆಯಲ್ಲಿ ನೆಲೆಸಿದ ನಿವೃತ್ತ ಮಾಸ್ತರರು, ರಾಮದುರ್ಗದ ನೇಕಾರರಿಂದ ಸೀರೆ ತರಿಸುವ ದೂರದ ಅಂಗಡಿಯವರು. ಗುಂಪಿನಲ್ಲಾದರೆ ಒಳ್ಳೆಯ ಸುದ್ದಿಯೂ ಶುಭೋದಯದ ಚಿತ್ರಗಳ ಕೆಳಗೆ ಮುಚ್ಚಿಹೋಗುತ್ತದೆ. ಇ-ಮೇಲ್‌ನಲ್ಲಿ ಬಂದದ್ದನ್ನು ಎರಡು ವರ್ಷದ ನಂತರವೂ ಹುಡುಕಿ ತೆಗೆಯಬಹುದು.

ಉತ್ಸಾಹದಿಂದ ಶುರುವಾಗುವ ಇಂಥ ಪತ್ರಿಕೆಗಳು ಬೇಗ ನಿಲ್ಲುವುದಕ್ಕೆ ತಂತ್ರಜ್ಞಾನ ಬಾರದಿರುವುದು ಕಾರಣವಲ್ಲ. ಮುಂದಿನ ತಿಂಗಳು ಏನು ಬರೆಯಬೇಕು, ಯಾವ ದಿನ ಕಳಿಸಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡಿರುವುದಿಲ್ಲ, ಅಷ್ಟೆ. ಆದ್ದರಿಂದ ಕಂಪ್ಯೂಟರ್ ತೆರೆಯುವ ಮುನ್ನ ಗೋಡೆಯ ಕ್ಯಾಲೆಂಡರ್ ಇಳಿಸಿಕೊಳ್ಳಿ.

ಯಾರಿಗೆ, ಎಷ್ಟು ದಿನಕ್ಕೊಮ್ಮೆ?

ನಾಲ್ಕೂ ತಾಲ್ಲೂಕಿನ ಸಮಸ್ತ ಸುದ್ದಿ ಕೊಡುತ್ತೇನೆಂದು ಹೊರಡಬೇಡಿ, ಅದಕ್ಕೆ ದಿನಪತ್ರಿಕೆಗಳಿವೆ. ಒಂದು ಶಾಲೆಯ ಹಳೆಯ ವಿದ್ಯಾರ್ಥಿಗಳು, ಒಂದು ನೇಕಾರರ ಸಂಘ, ಮಲಪ್ರಭಾ ಅಚ್ಚುಕಟ್ಟಿನ ಬೇಸಾಯ, ಕಿತ್ತೂರು ಸಂಸ್ಥಾನದ ಇತಿಹಾಸ, ಇವುಗಳಲ್ಲಿ ಯಾವುದಾದರೂ ಒಂದನ್ನು ಹಿಡಿಯಿರಿ. ಕೃಷಿಕರೇ ಸೇರಿ 1988ರಲ್ಲಿ ಪುತ್ತೂರಿನಲ್ಲಿ ಆರಂಭಿಸಿದ ‘ಅಡಿಕೆ ಪತ್ರಿಕೆ’ ದಶಕಗಳ ಕಾಲ ಬಾಳಿದ್ದು ತನ್ನ ಓದುಗ ಯಾರೆಂಬುದನ್ನು ಖಚಿತವಾಗಿ ತಿಳಿದಿದ್ದರಿಂದ. ಹೆಸರಿನಲ್ಲೇ ಅದು ಕಾಣುತ್ತದೆ.

ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ನನ್ನ ಉತ್ತರ ತಿಂಗಳಿಗೊಮ್ಮೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವೇ 1843ರ ಜುಲೈ 1ರಂದು ಪಾಕ್ಷಿಕವಾಗಿ ಶುರುವಾಯಿತು. ಅದರ ಸಂಪಾದಕ ಹರ್ಮನ್ ಮೊಗ್ಲಿಂಗ್ ಬೆನ್ನಿಗೆ ಬಾಸೆಲ್ ಮಿಷನ್ ಇತ್ತು. ನಿಮ್ಮ ಬೆನ್ನಿಗೆ ಇರುವುದು ಭಾನುವಾರದ ಎರಡು ತಾಸು. ವಾರಕ್ಕೊಮ್ಮೆ ಎಂದು ಘೋಷಿಸಿ ತಪ್ಪುವುದಕ್ಕಿಂತ ತಿಂಗಳಿಗೊಮ್ಮೆ ಎಂದು ಹೇಳಿ ತಪ್ಪದೆ ಕಳಿಸುವುದು ಮೇಲು.

ವರ್ಷದ ಪಟ್ಟಿ

ಹನ್ನೆರಡು ತಿಂಗಳ ಹೆಸರು ಬರೆದು, ಎದುರಿಗೆ ಊರಿನ ವರ್ಷವನ್ನು ತುಂಬಿ. ನಮ್ಮ ಭಾಗದಲ್ಲಿ ವಿಷಯಕ್ಕೆ ಬರವಿಲ್ಲ. ಅಕ್ಟೋಬರ್ 23ರಿಂದ 25 ಕಿತ್ತೂರು ಉತ್ಸವ. 1824ರ ಅದೇ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಕಿತ್ತೂರಿನ ಬಾಗಿಲಲ್ಲಿ ಬಿದ್ದದ್ದು. ಜನವರಿಯಲ್ಲಿ ಸಂಗೊಳ್ಳಿ ಉತ್ಸವ. ಅದೇ ತಿಂಗಳ 26 ನಮಗೆ ಗಣರಾಜ್ಯದ ದಿನ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ ದಿನವೂ ಹೌದು. ಫೆಬ್ರವರಿಯ ಸಂಚಿಕೆಗೆ ಬೈಲಹೊಂಗಲದಲ್ಲಿರುವ ರಾಣಿ ಚನ್ನಮ್ಮನ ಸಮಾಧಿಯ ಬಗ್ಗೆ ಬರೆಯಬಹುದು. ಅವರು ತೀರಿಕೊಂಡದ್ದು 1829ರ ಫೆಬ್ರವರಿಯಲ್ಲಿ. ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳ ಸಾಲು. ಡಿಸೆಂಬರ್‌ಗೆ ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರೇಶ್ವರನ ಜಾತ್ರೆ. ಏಪ್ರಿಲ್ ಬರಿದಾಗಿದೆ ಅನ್ನಿಸಿದರೆ 1939ರ ರಾಮದುರ್ಗ ದುರಂತವಿದೆ. ಸಂಸ್ಥಾನದ ಆಳ್ವಿಕೆಯ ವಿರುದ್ಧ ಜನ ಎದ್ದ ಆ ಕಥೆ ಬೇರೆ ಜಿಲ್ಲೆಯವರಿರಲಿ, ನಮ್ಮ ಹುಡುಗರಿಗೇ ಸರಿಯಾಗಿ ಗೊತ್ತಿಲ್ಲ.

ಮಳೆಗಾಲದ ಸಂಚಿಕೆಗಳಿಗೆ ನವಿಲುತೀರ್ಥ ಜಲಾಶಯವೇ ಸಾಕು. ಅದರ ಗರಿಷ್ಠ ಮಟ್ಟ 2,079.50 ಅಡಿ. ಆಗಸ್ಟ್‌ನಲ್ಲಿ ನೀರು ಎಲ್ಲಿಗೆ ಬಂದಿದೆ ಎಂಬ ಒಂದು ಸಾಲನ್ನು ಊರು ಬಿಟ್ಟು ಮೂವತ್ತು ವರ್ಷವಾದವರೂ ಮೊದಲು ಓದುತ್ತಾರೆ. ಕಾರ ಹುಣ್ಣಿಮೆ, ಸೀಗಿ ಹುಣ್ಣಿಮೆ, ಎಳ್ಳು ಅಮಾವಾಸ್ಯೆಯ ಚರಗ ಇವೆಲ್ಲ ಪಂಚಾಂಗದ ಪ್ರಕಾರ ಹಿಂದೆ ಮುಂದೆ ಸರಿಯುತ್ತವೆ. ಆಯಾ ವರ್ಷದ ದಿನಾಂಕ ನೋಡಿಕೊಂಡೇ ಬರೆಯಿರಿ. ಜಾತ್ರೆಯ ಸಂಚಿಕೆ ಜಾತ್ರೆಗೆ ಎರಡು ವಾರ ಮೊದಲು ಹೋಗಬೇಕು, ರೈಲು-ಬಸ್ಸಿನ ಟಿಕೆಟ್ ಕಾಯ್ದಿರಿಸುವಷ್ಟು ಮುಂಚೆ. ಮುಗಿದ ಮೇಲೆ ಬರುವ ಫೋಟೊ ಹೊಟ್ಟೆಕಿಚ್ಚಿಗೆ ಮಾತ್ರ.

ಪಟ್ಟಿ ಆದ ಕೂಡಲೇ ಘೋಷಿಸಬೇಡಿ. ಮೂರು ಸಂಚಿಕೆ ಪೂರ್ತಿ ಬರೆದಿಟ್ಟುಕೊಳ್ಳಿ. ಬೀಜ ಕೈಯಲ್ಲಿಲ್ಲದೆ ಯಾರೂ ಕೂರಿಗೆ ಹೂಡುವುದಿಲ್ಲ. ಮೂರರಲ್ಲಿ ಒಂದು ಯಾವ ತಿಂಗಳಿಗೂ ಒಗ್ಗುವಂಥದ್ದಿರಲಿ: ಹೂಲಿಯ ಪಂಚಲಿಂಗೇಶ್ವರ ಗುಡಿ, ಸವದತ್ತಿಯ ಕೋಟೆ, ಅಜ್ಜಿಯೊಬ್ಬರ ನೆನಪು. ಮನೆಯಲ್ಲಿ ಮದುವೆ ಬಂತು, ಜ್ವರ ಬಂತು ಎಂದಾಗ ಅದೇ ಕೈ ಹಿಡಿಯುತ್ತದೆ.

ತಿಂಗಳೊಳಗಿನ ಕೆಲಸವನ್ನೂ ಹಂಚಿಕೊಳ್ಳಿ. ಮೊದಲ ವಾರ ವಿಷಯ ಗೊತ್ತು ಮಾಡಿ ಫೋನು ಮಾಡುವುದು, ಎರಡನೆಯ ವಾರ ಬರೆಯುವುದು, ಮೂರನೆಯ ವಾರ ಇನ್ನೊಬ್ಬರ ಕೈಯಲ್ಲಿ ಓದಿಸಿ ತಿದ್ದುವುದು. ನಾಲ್ಕನೆಯ ವಾರ ಕಳಿಸುವುದು.

ವಿಳಾಸ ಕೂಡಿಸುವುದು

ಮದುವೆ ಮನೆಯ ನೋಂದಣಿ ಪುಸ್ತಕದಿಂದ, ಹಳೆಯ ಗುಂಪು-ಮೇಲ್‌ನಿಂದ ವಿಳಾಸ ಎತ್ತಿಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಳಹದಿಯೇ ಒಪ್ಪಿಗೆ. ಕಾಯ್ದೆಯ ಮಾತು ಬಿಟ್ಟರೂ, ಕೇಳದೆ ಬಂದ ಮೇಲ್ ಅನ್ನು ನಾಲ್ಕು ಜನ ‘ಸ್ಪ್ಯಾಮ್’ ಎಂದು ಒತ್ತಿದರೆ ಉಳಿದವರಿಗೂ ನಿಮ್ಮ ಪತ್ರ ಕಸದ ಡಬ್ಬಿಗೇ ಬೀಳತೊಡಗುತ್ತದೆ. ಒಂದು ಗೂಗಲ್ ಫಾರ್ಮ್ ಮಾಡಿ ಹೆಸರು, ಇ-ಮೇಲ್, ಈಗಿರುವ ಊರು ಇಷ್ಟನ್ನು ಮಾತ್ರ ಕೇಳಿ. ಅದರ ಕೊಂಡಿಯನ್ನು ಊರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಆ ಗುಂಪಿನ ನಿಜವಾದ ಉಪಯೋಗ ಇಲ್ಲಿದೆ. ಬೇಡವೆನ್ನುವವರು ಹೊರಬರುವ ದಾರಿ ಪ್ರತಿ ಸಂಚಿಕೆಯ ಕೊನೆಯಲ್ಲೂ ಇರಬೇಕು.

ಕನ್ನಡದ ಎರಡು ತೊಡಕು

ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪಿಸಿದ್ದನ್ನು ಹಾಗೆಯೇ ಮೇಲ್‌ಗೆ ಅಂಟಿಸಿದರೆ, ಓದುಗನಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ನಂತರ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ; ಪರಿವರ್ತನೆಯಲ್ಲಿ ಕೆಡುವುದು ಅವೇ.

ಎರಡನೆಯದು ಗಾತ್ರ. ಸುಮಾರು 102 ಕಿಲೋಬೈಟ್ ದಾಟಿದ ಪತ್ರವನ್ನು ಜಿಮೇಲ್ ಮಧ್ಯದಲ್ಲೇ ಕತ್ತರಿಸಿ ತೋರಿಸುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು. ‘ಕ್ಷಿ’ ಒಂದಕ್ಕೇ ಹನ್ನೆರಡು ಬೈಟ್! ಬರಹ ಸಾವಿರ ಪದದೊಳಗಿದ್ದರೆ ತೊಂದರೆ ಇಲ್ಲ.

ಸಮಯ ಹಚ್ಚಿ ಕಳಿಸುವುದು

ಓದುಗರು ನೂರಿನ್ನೂರು ಇರುವಾಗ ಜಿಮೇಲ್ ಸಾಕು. ಸಾಮಾನ್ಯ ಖಾತೆಯಿಂದ ದಿನಕ್ಕೆ 500 ಜನರಿಗೆ ಕಳಿಸಬಹುದು. ವಿಳಾಸಗಳನ್ನು ‘ಬಿಸಿಸಿ’ಯಲ್ಲೇ ಹಾಕಿ, ಇಲ್ಲವಾದರೆ ಎಲ್ಲರ ವಿಳಾಸ ಎಲ್ಲರಿಗೂ ಬಯಲಾಗುತ್ತದೆ. ‘ಸೆಂಡ್’ ಗುಂಡಿಯ ಪಕ್ಕದ ಬಾಣ ಒತ್ತಿದರೆ ‘ಷೆಡ್ಯೂಲ್ ಸೆಂಡ್’ ಸಿಗುತ್ತದೆ. ದಿನ, ಹೊತ್ತು ಆರಿಸಿಟ್ಟರೆ ಆಯಿತು. ಪತ್ರ ಹೊರಡುವುದು ಗೂಗಲ್‌ನ ಸರ್ವರ್‌ನಿಂದ, ಹಾಗಾಗಿ ಆ ಹೊತ್ತಿಗೆ ನಿಮ್ಮೂರಲ್ಲಿ ಕರೆಂಟ್ ಇಲ್ಲದಿದ್ದರೂ, ಫೋನು ಬಂದ್ ಆಗಿದ್ದರೂ ಅದು ಹೋಗುತ್ತದೆ. ಓದುಗರು ಹೆಚ್ಚಿದ ಮೇಲೆ ಸಬ್‌ಸ್ಟ್ಯಾಕ್‌ನಂಥ ಸೇವೆಗೆ ಹೋಗಿ. ಅಲ್ಲಿ ಉಚಿತ ಪತ್ರಿಕೆಗೆ ಶುಲ್ಕವಿಲ್ಲ, ಸಮಯ ಹಚ್ಚುವ ಸೌಲಭ್ಯವಿದೆ, ಹೊರಬರುವ ಕೊಂಡಿಯನ್ನು ಅದೇ ಸೇರಿಸುತ್ತದೆ.

ಹೊತ್ತು ಯಾವುದು? ಭಾನುವಾರ ಬೆಳಿಗ್ಗೆ 8 ನನ್ನ ಆಯ್ಕೆ. ಆಗ ದುಬೈನಲ್ಲಿ ಆರೂವರೆ. ಬೇಸಿಗೆಯ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ಸಂಜೆ ಏಳೂವರೆ. ಎರಡೂ ಕಡೆ ಓದಲು ಬಿಡುವಿನ ಹೊತ್ತು. ಹಚ್ಚುವ ಮುನ್ನ ನಿಮಗೇ ಒಂದು ಪ್ರತಿ ಕಳಿಸಿಕೊಂಡು ಫೋನಿನಲ್ಲಿ ತೆರೆದು ನೋಡಿ. ತಲೆಬರಹ ಚಿಕ್ಕದಿರಲಿ. ‘ನವೆಂಬರ್ ಸಂಚಿಕೆ’ ಎಂದರೆ ಯಾರೂ ತೆರೆಯುವುದಿಲ್ಲ, ‘ಗೊಡಚಿ ಜಾತ್ರೆಗೆ ಹೊರಡುವವರಿಗೆ’ ಎಂದರೆ ತೆರೆಯುತ್ತಾರೆ.

ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ಬಹಳ ನಂಬಬೇಡಿ. 2021ರಿಂದ ಆ್ಯಪಲ್ ಮೇಲ್‌ನ ಖಾಸಗಿತನದ ಏರ್ಪಾಡು ಬಂದ ಮೇಲೆ, ಓದದ ಪತ್ರವೂ ತೆರೆದ ಲೆಕ್ಕಕ್ಕೆ ಸೇರುವುದುಂಟು. ಎಷ್ಟು ಜನ ಮರುಉತ್ತರ ಬರೆದರು ಎಂಬುದನ್ನು ಎಣಿಸಿ, ಅವರಿಗೆಲ್ಲ ಉತ್ತರಿಸಿ. ಮುಂದಿನ ಸಂಚಿಕೆಯ ವಿಷಯ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಮುಂದಿನ ಕಿತ್ತೂರು ಉತ್ಸವಕ್ಕೆ ನಿಮ್ಮ ಮೊದಲ ಸಂಚಿಕೆ ತಲುಪಬೇಕೆಂದಿದ್ದರೆ ಜುಲೈನಲ್ಲೇ ವಿಳಾಸ ಕೂಡಿಸಲು ಶುರು ಮಾಡಿ, ಸೆಪ್ಟೆಂಬರ್ ಮುಗಿಯುವುದರೊಳಗೆ ಮೂರು ಸಂಚಿಕೆ ಬರೆದು ಮುಗಿಸಿ, ಅಕ್ಟೋಬರ್ ಮೊದಲ ಭಾನುವಾರಕ್ಕೆ ಸಮಯ ಹಚ್ಚಿಡಿ.