ಮುರುಕು ಮೇಲ್ ಕಳಿಸಿ ನೋಡಮ್ಮ

ಮೇಲ್ ಸಾಫ್ಟ್‌ವೇರಿನ ಟೆಸ್ಟಿಂಗ್‌ಗೆ ಸೇರಿದೆಯಂತೆ, ಒಳ್ಳೆಯದಾಯಿತು. ಸರಿಯಾಗಿ ಬರೆದ ಮೇಲ್ ಸರಿಯಾಗಿ ತೆರೆದುಕೊಂಡಿತು ಅಂತ ಟಿಕ್ ಹಾಕೋದಕ್ಕೆ ನೀನೇ ಬೇಕಿಲ್ಲ. ಕೆಟ್ಟ ಮೇಲ್ ತಯಾರಿಸು: ತಾರೀಖಿಲ್ಲದ್ದು, ಬೌಂಡರಿ ಮುಚ್ಚದ ಅಟ್ಯಾಚ್‌ಮೆಂಟ್, 998 ಅಕ್ಷರದ ಮಿತಿ ದಾಟಿದ ಸಾಲು, 'ಫ್ರಮ್' ಎರಡು ಸಲ ಇರುವುದು.

ಪ್ರೋಗ್ರಾಂ ಕ್ರ್ಯಾಶ್ ಆದರೆ ಹೆದರಬೇಡ, ಆ ದೋಷ ಕಣ್ಣಿಗಾದರೂ ಬೀಳುತ್ತದೆ. ಕ್ರ್ಯಾಶ್ ಆಗದೆ ತನಗೆ ತೋಚಿದಂತೆ ಓದಿಕೊಳ್ಳುತ್ತದಲ್ಲ, ಅದಕ್ಕೆ ಹೆದರು. ಸ್ಪ್ಯಾಮ್ ಫಿಲ್ಟರ್ ಮೊದಲ 'ಫ್ರಮ್' ನೋಡಿ ಒಳಗೆ ಬಿಡಬಹುದು, ಓದುವವರಿಗೆ ಎರಡನೆಯದು ಕಾಣಬಹುದು. ಹಾಗಾಗಿ ಒಂದೇ ಮೇಲನ್ನು ಎರಡು ಪ್ರೋಗ್ರಾಂಗೆ ಕೊಟ್ಟು, ಎರಡೂ ಒಂದೇ ಥರ ಓದಿದವೇ ಅಂತ ಕೇಳು.

ಕಳಿಸುವಾಗ ಕಟ್ಟುನಿಟ್ಟಾಗಿರು, ಸ್ವೀಕರಿಸುವಾಗ ಉದಾರವಾಗಿರು ಎಂದು 1980ರಲ್ಲಿ ಇಂಟರ್ನೆಟ್ ನಿಯಮಾವಳಿಗಳ ಸಂಪಾದಕ ಜಾನ್ ಪೋಸ್ಟೆಲ್ ಬರೆದರು. ಜಾಲದಲ್ಲಿ ಕೆಲವೇ ಸಂಸ್ಥೆಗಳಿದ್ದ ಆ ಕಾಲಕ್ಕೆ ಸರಿ. ಆ ಔದಾರ್ಯಕ್ಕೆ ಎಷ್ಟು ತೆರಬೇಕಾಗುತ್ತದೆ ಅನ್ನುವುದು 2023ರ ಡಿಸೆಂಬರಿನಲ್ಲಿ ಬಯಲಾದ 'ಎಸ್‌ಎಂಟಿಪಿ ಸ್ಮಗ್ಲಿಂಗ್' ಎಂಬ ದಾಳಿಯಲ್ಲಿ ಕಂಡಿತು. ಮೇಲ್ ಮುಗಿಯಿತು ಅನ್ನಲು ಒಂದು ಸಾಲಲ್ಲಿ ಒಂಟಿ ಚುಕ್ಕಿ ಇರಬೇಕು. ಸಾಲಿನ ಕೊನೆಗೆ ಸಿಆರ್, ಎಲ್‌ಎಫ್ ಎಂಬ ಕಾಣದ ಗುರುತುಗಳೆರಡೂ ಬೇಕು. ಕೆಲವು ಸರ್ವರ್‌ಗಳು ಬರಿ ಎಲ್‌ಎಫ್ ಇದ್ದರೂ ಒಪ್ಪುತ್ತಿದ್ದವು. ಕಳಿಸುವ ಸರ್ವರಿಗೆ ಅಂಥ ಚುಕ್ಕಿ ಪತ್ರದೊಳಗಿನ ಮಾತು, ಪಡೆಯುವ ಸರ್ವರಿಗೆ ಪತ್ರದ ಕೊನೆ. ಉಳಿದದ್ದು ಇನ್ನೊಬ್ಬರ ಹೆಸರಿನ ಹೊಸ ಪತ್ರವಾಯಿತು! ಅಸಲಿ ಸರ್ವರಿಂದಲೇ ಬಂದದ್ದರಿಂದ, ಕಳಿಸಿದ ಸರ್ವರ್ ಅಸಲಿಯೇ ಎಂದು ನೋಡುವ ಎಸ್‌ಪಿಎಫ್ ತಪಾಸಣೆಯನ್ನೂ ದಾಟಿತು.

ಕನ್ನಡದ ಸಬ್ಜೆಕ್ಟನ್ನೂ ಕಳಿಸಿ ನೋಡು. ಬೆಂಗಳೂರಲ್ಲೇ ಕೂತು ಟೆಸ್ಟ್ ಮಾಡುವವರೂ 'ಹಲೋ' ಅಂತ ಇಂಗ್ಲಿಷಿನಲ್ಲಿ ಕಳಿಸಿ ಸುಮ್ಮನಾಗುತ್ತಾರೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಸಬ್ಜೆಕ್ಟನ್ನು ಎನ್‌ಕೋಡ್ ಮಾಡಿದ ತುಂಡು 75 ಅಕ್ಷರ ಮೀರಬಾರದು, ಅಂದರೆ ತುಂಡಿನ ಮೊದಲು-ಕೊನೆಯ ಗುರುತುಗಳನ್ನು ಕಳೆದು ಬೇಸ್64ರಲ್ಲಿ 45 ಬೈಟ್. ಚಿಹ್ನೆಯ ನಡುವೆ ಕತ್ತರಿಸಬಾರದೆಂಬ ನಿಯಮವಿದೆ, ಪಾಲಿಸದ ಪ್ರೋಗ್ರಾಂಗಳೂ ಇವೆ. ಸ್ಪೇಸ್ ಇಲ್ಲದ ಉದ್ದ ಪದ ಕೊಟ್ಟರೆ 45 ಮೂರರಿಂದ ಭಾಗವಾಗಿ ದೋಷ ಅಡಗಿಕೊಳ್ಳುತ್ತದೆ. ಮೊದಲಲ್ಲೇ ಒಂದು ಬೈಟಿನ ಇಂಗ್ಲಿಷ್ ಅಕ್ಷರ ಸೇರಿಸು, 45ನೇ ಬೈಟ್ ಚಿಹ್ನೆಯ ಮಧ್ಯೆ ಬೀಳುತ್ತದೆ. ತಪ್ಪು ಪ್ರೋಗ್ರಾಂ ಅಲ್ಲೇ ಸಿಕ್ಕಿಬೀಳುತ್ತದೆ.

ಯಾರಾದರೂ ಕೆಟ್ಟ ಮೇಲ್ ಸಿಕ್ಕಿತು ಅಂದರೆ, ಫಾರ್ವರ್ಡ್ ಮಾಡಿಸಿಕೊಳ್ಳಬೇಡ. ಫಾರ್ವರ್ಡ್ ಮಾಡುವ ಪ್ರೋಗ್ರಾಂ ಅದನ್ನು ಹೊಸದಾಗಿ ಬರೆದು ರಿಪೇರಿ ಮಾಡಿಬಿಡುತ್ತದೆ. ಮೂಲ ಫೈಲನ್ನೇ ಇಸಿದುಕೋ. ಎಡಿಟರಲ್ಲಿ ತೆರೆದು ಸೇವ್ ಮಾಡಿದರೂ ಸಾಲಿನ ಕೊನೆಗಳು ಬದಲಾಗಬಹುದು, ಜೋಕೆ. ಜನರ ಹೆಸರು, ವಿಳಾಸ ಅಳಿಸಲೇಬೇಕು. ದೋಷ ಮಾಯವಾಗದಂತೆ ಅಳಿಸಿದ ಕಡೆ ಅಷ್ಟೇ ಬೈಟ್‌ನ ಬೇರೆ ಹೆಸರು ಹಾಕು.