ಮಂದಗತಿಯ ಮೋಡೆಮು: ಒಂದು ಪಾಠ

2002ನೆಯ ಇಸವಿಯಲ್ಲಿ ಜಯನಗರದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿಯನ್ನು ಅಂದೇ ರಾತ್ರಿ ಕಳುಹಿಸಬೇಕಾಗಿದ್ದಿತು. ಆಕೆಯ ಲಿನಕ್ಸ್ ಲ್ಯಾಪ್‌ಟಾಪಿಗೆ ಜೋಡಿಸಿದ ಮೋಡೆಮು ಆಮೆಯಂತೆ ತೆವಳುತ್ತಿದ್ದಿತು. ಯಂತ್ರವನ್ನು ದೂಷಿಸದೆ ಅವಳು ಕ್ರಮವಾಗಿ ಪರೀಕ್ಷಿಸಿದಳು.

ಮೊದಲನೆಯದು ಲೆಕ್ಕ. 56 ಕಿಲೋಬಿಟ್ ಎಂಬುದು ತರಿಸಿಕೊಳ್ಳುವ ಗರಿಷ್ಠ ವೇಗ. ಎಂಟರಿಂದ ಭಾಗಿಸಲು 7 ಕಿಲೋಬೈಟ್ ಮಾತ್ರ. ಕಳುಹಿಸುವ ವೇಗ 33.6 ಕಿಲೋಬಿಟ್ ಆದಕಾರಣ ಒಂದು ಮೆಗಾಬೈಟಿಗೆ ನಾಲ್ಕು ನಿಮಿಷ ಹಿಡಿಯುವುದು ಸಹಜವೇ.

ಎರಡನೆಯದು ತಂತಿ. ಅದೇ ತಂತಿಗೆ ಸೇರಿಸಿದ್ದ ಇನ್ನೊಂದು ಫೋನನ್ನು ತೆಗೆದೊಡನೆ ಕರಕರ ಸದ್ದು ನಿಂತಿತು. ಅಂಥ ಸದ್ದಿದ್ದರೆ ಮೋಡೆಮು ತಾನಾಗಿ ವೇಗವನ್ನು ತಗ್ಗಿಸಿಕೊಳ್ಳುವುದು.

ಮೂರನೆಯದು ಲಿನಕ್ಸಿನ ಕಡತ. ಅಲ್ಲಿ ಸೀರಿಯಲ್ ಪೋರ್ಟಿನ ವೇಗ 9600 ಎಂದಿದ್ದಿತು; 115200 ಎಂದು ತಿದ್ದಿದಳು. ಮನೆಯ ಬಾಗಿಲೇ ಕಿರಿದಾದರೆ ಬೀದಿ ಅಗಲವಾಗಿದ್ದೇನು ಫಲ?

ಅರ್ಜಿಯು ವೇಳೆಗೆ ಮುಟ್ಟಿತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡತಕ್ಕದ್ದೆಂಬ ಈ ಪಾಠವು ಎಲ್ಲ ಯಂತ್ರಗಳಿಗೂ ಸಲ್ಲುವುದು.